ಹತ್ತೋರಿದಾರೆ

ಗೇರಪ್ಪನ ಪ್ರಪಂಚದಿಂದ ಎಡಭಾಗ ಕಾಣೆಯಾಗಿ ಮೂರು ತಿಂಗಳಾಗಿತ್ತು. ಕೊಡೆ ಕಾಣೆಯಾದರೆ ಮನುಷ್ಯ ಹುಡುಕುತ್ತಾನೆ, ಕನ್ನಡಕ ಕಾಣೆಯಾದರೆ ಮನೆಯವರನ್ನೆಲ್ಲ ಬೈದು ಹುಡುಕಿಸುತ್ತಾನೆ. ಎಡ ಕಾಣೆಯಾದರೆ ಮಾತ್ರ ಹುಡುಕುವುದಿಲ್ಲ. ಹುಡುಕಬೇಕು ಎನ್ನುವ ನೆನಪೂ ಅದರ ಜೊತೆಗೇ ಎದ್ದು ಹೋಗಿರುತ್ತದೆ.

ಆದದ್ದಿಷ್ಟು: ಮೆದುಳಿನ ಬಲಗಡೆ ಒಂದು ರಕ್ತನಾಳ ಕಟ್ಟಿಕೊಂಡಿತು. ಕಣ್ಣು ಸರಿಯಾಗಿತ್ತು, ಕಿವಿ ಸರಿಯಾಗಿತ್ತು, ನಾಲಗೆಯಂತೂ ಬೇಕಾದ್ದಕ್ಕಿಂತ ಹೆಚ್ಚು ಸರಿಯಾಗಿತ್ತು. ಎಡಗಾಲು ಸ್ವಲ್ಪ ಎಳೆಯುತ್ತಿತ್ತು, ಎಡಗೈ ಈಗಷ್ಟೇ ನಿದ್ದೆಯಿಂದ ಎದ್ದವರ ಹಾಗೆ ಯಾವುದಕ್ಕೂ ಅವಸರ ಮಾಡುತ್ತಿರಲಿಲ್ಲ. ಆದರೆ ಗೇರಪ್ಪ ತಟ್ಟೆಯ ಬಲ ಅರ್ಧವನ್ನು ಮಾತ್ರ ಖಾಲಿ ಮಾಡಿ, "ಇಷ್ಟೇನಾ ಬಡಿಸೋದು?" ಎನ್ನುತ್ತಿದ್ದ. ಗಡ್ಡ ಬೋಳಿಸಿಕೊಂಡು ಬಂದರೆ ಬಲಗೆನ್ನೆ ಮದುಮಗನದು, ಎಡಗೆನ್ನೆ ಸನ್ಯಾಸಿಯದು. ಎಡಗಡೆಗೆ ನಿಮ್ಮ ಗಮನವೇ ಹೋಗುತ್ತಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದಾಗ, "ಬಲ ಇದೆಯಲ್ಲ ಡಾಕ್ಟ್ರೇ, ಮನುಷ್ಯನಿಗೆ ಬಲ ಒಂದಿದ್ರೆ ಸಾಕು" ಎಂದುಬಿಟ್ಟಿದ್ದ. ಡಾಕ್ಟರು ನಗಲಿಲ್ಲ. ಪಕ್ಕದಲ್ಲಿದ್ದ ಮಗಳು ನಕ್ಕಳು, ಆಮೇಲೆ ಹೊರಗೆ ಬಂದು ನೀರಿನ ನಲ್ಲಿಯ ಹತ್ತಿರ ನಿಂತು ಮುಖ ತೊಳೆದುಕೊಂಡಳು.

ಅವನು ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿದವನು. ಹಳೆಯ ಬಸ್ಸಿಗೂ ನೋವಾಗದ ಹಾಗೆ ಗೇರು ಬದಲಿಸುತ್ತಾನೆಂದು ಡಿಪೋದವರು ಗೇರಪ್ಪ ಎಂದು ಕರೆದರು. ಹೆತ್ತವರಿಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು. ಮಗಳ ಅಡ್ಡಹೆಸರು ಹಲ್ಲಿ. ಚಿಕ್ಕವಳಿದ್ದಾಗ, ಅವನು ಡ್ಯೂಟಿ ಮುಗಿಸಿ ಬಂದನೆಂದರೆ, ಬೆನ್ನಿಗೆ ಅಂಟಿಕೊಂಡವಳು ಊಟದವರೆಗೂ ಬಿಡುತ್ತಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಇನ್ನೂ ಗಟ್ಟಿಯಾಗಿ ಅಂಟಿಕೊಂಡಳು. ಮುಂದೆ ಓದಿ, ಹಲ್ಲಿನ ಸೆಟ್ಟು ಮಾಡುವ ಲ್ಯಾಬಿಗೆ ಸೇರಿದಾಗ ಗೇರಪ್ಪನಿಗೆ ಸ್ವರ್ಗವೇ ಸಿಕ್ಕಿತ್ತು. "ನೋಡ್ರಪ್ಪಾ, ಹೆಸರಿಗೆ ತಕ್ಕ ಕೆಲಸ. ಹಲ್ಲಿ ಹಲ್ಲಲ್ಲೇ ಹೊಟ್ಟೆ ಹೊರೀತಾಳೆ" ಎಂದು ಇಡೀ ಡಿಪೋಗೆ ಸಾರಿದ್ದ.

ಈ ಮೂರು ತಿಂಗಳಿಂದ ಹಲ್ಲಿ ರಜೆಯಲ್ಲಿದ್ದಳು. ರಜೆ ಮುಗಿಯಲು ಇನ್ನು ಐದು ವಾರ. ವಾರಕ್ಕೊಮ್ಮೆ ಬರುವ ಥೆರಪಿಯಮ್ಮ ಕಡ್ಡಿ ಮುರಿದ ಹಾಗೆ ಹೇಳಿದ್ದರು: ರಜೆ ಮುಗಿಯುವ ಮುಂಚಿನ ಶನಿವಾರ ಒಂದು ಪರೀಕ್ಷೆ. ಮನೆಯ ಗೇಟಿನಿಂದ ಬಸ್ ಸ್ಟಾಪಿಗೆ ಒಬ್ಬನೇ ಹೋಗಿ ಒಬ್ಬನೇ ಬರಬೇಕು. ಬಂದರೆ ಹಗಲು ಹೊತ್ತು ಒಬ್ಬನೇ ಇರಬಹುದು. ಬರದಿದ್ದರೆ ಯಾವಾಗಲೂ ಜೊತೆಗೊಬ್ಬರು ಬೇಕು. ಆ ‘ಒಬ್ಬರು’ ಯಾರು ಎನ್ನುವುದು ಗೇರಪ್ಪನಿಗೆ ಗೊತ್ತಿತ್ತು. ಅಡುಗೆಮನೆಯಿಂದ ಹಲ್ಲಿ ಲ್ಯಾಬಿಗೆ ಮಾಡಿದ ಫೋನಿನ ಮಾತು ಕೇಳಿಸಿತ್ತು: "ಬೇರೆಯವರನ್ನ ನೋಡ್ಕೊಂಡಿರಿ ಸರ್. ಆಗದೆ ಇದ್ರೆ ನಾನು ಬಿಟ್ಟುಬಿಡ್ತೀನಿ." ಎಷ್ಟು ಸಲೀಸಾಗಿ ಹೇಳಿದಳೆಂದರೆ, ಹಲವು ಸಲ ಕನ್ನಡಿಯ ಮುಂದೆ ಹೇಳಿ ಅಭ್ಯಾಸ ಮಾಡಿದ್ದಾಳೆಂದು ಗೊತ್ತಾಗುವಷ್ಟು. ಒಂದು ಮುಂದಿನ ಹಲ್ಲಿಗೆ ಹದಿನಾರು ಬಗೆಯ ಬಿಳಿ ಇದೆ ಗೊತ್ತಾ ಅಪ್ಪ, ಎಂದು ಊಟ ಮರೆತು ಹೇಳುತ್ತಿದ್ದ ಹುಡುಗಿ ಅವಳು.

ಬಸ್ ಸ್ಟಾಪಿಗೆ ಹೋಗುವುದು ಕಷ್ಟವಲ್ಲ. ಗೇಟಿನಿಂದ ಹೊರಬಿದ್ದು ಬಲಕ್ಕೆ ತಿರುಗಿದರೆ ನೇರ ದಾರಿ, ರಸ್ತೆ ದಾಟುವುದೂ ಬೇಡ. ಆದರೆ ಹೋಗುವಾಗ ಬಲಕ್ಕಿದ್ದ ಮನೆಗಳೆಲ್ಲ ಬರುವಾಗ ಎಡಕ್ಕೆ ಬರುತ್ತವೆ. ಮೊದಲ ಸಲ ಮಗಳನ್ನು ಹಿಂದಿಟ್ಟುಕೊಂಡು ಪ್ರಯತ್ನಿಸಿದಾಗ ತನ್ನ ಮನೆಯನ್ನು ತಾನೇ ಮೂರು ಸಲ ದಾಟಿ ಹೋಗಿ, "ನಮ್ಮನೆ ಇಲ್ಲೇ ಎಲ್ಲೋ ಇತ್ತಲ್ಲೇ" ಎಂದಿದ್ದ.

ಎಡಕ್ಕೆ ಹುಡುಕುವ ಅಭ್ಯಾಸಕ್ಕೆಂದು ಥೆರಪಿಯಮ್ಮ ಹಾಳೆಗಳನ್ನು ಕೊಟ್ಟಿದ್ದರು. ಹಾಳೆಯ ತುಂಬ ನಕ್ಷತ್ರ, ಒಂದೊಂದಕ್ಕೂ ಪೆನ್ಸಿಲಿನಲ್ಲಿ ಗೆರೆ ಹಾಕಬೇಕು. ಬಲ ಅರ್ಧ ಮುಗಿಸಿ ಗೇರಪ್ಪ ಪೆನ್ಸಿಲ್ ಕೆಳಗಿಡುತ್ತಿದ್ದ. ಎರಡನೇ ವಾರ ಪೆನ್ಸಿಲನ್ನೇ ಕಿಟಕಿಯಿಂದ ಎಸೆದ. "ನಾನು ಡ್ರೈವರ್ ಕಣಮ್ಮ. ನಕ್ಷತ್ರ ಎಣಿಸೋದು ಪ್ರೇಮಿಗಳ ಕೆಲಸ."

ಹಲ್ಲಿ ಬೈಯಲಿಲ್ಲ. ತನ್ನ ಕೋಣೆಯಿಂದ ವಿಡಿಯೋ ಆಟದ ಪೆಟ್ಟಿಗೆ ತಂದು ಟೀವಿಗೆ ಜೋಡಿಸಿದಳು.

"ಕುದುರೆ ಇದೆ. ಓಡಿಸ್ತೀಯಾ?"

"ಎಷ್ಟು ಗೇರು?"

"ಮೂರು. ನಡಿಗೆ, ಓಟ, ನಾಗಾಲೋಟ."

"ರಿವರ್ಸು?"

"ಅದಿಲ್ಲ."

"ಹಂಗಾದ್ರೆ ಒಳ್ಳೇ ಗಾಡಿ" ಎಂದು ಗೇರಪ್ಪ ಸೋಫಾದಲ್ಲಿ ನೇರವಾಗಿ ಕೂತ.

ಅದೊಂದು ಮಾಯಾರಾಜ್ಯ. ಬಯಲು, ಕಾಡು, ಹಿಮದ ಬೆಟ್ಟ, ಎಲ್ಲಿಗೆ ಬೇಕಾದರೂ ಹೋಗಬಹುದು, ಬೇಡ ಎನ್ನುವವರಿಲ್ಲ. ಬೆನ್ನಿಗೆ ಕತ್ತಿ ಕಟ್ಟಿದ ಸವಾರಳೊಬ್ಬಳು. ಕೆರೆಯನ್ನು ಬಲಕ್ಕಿಟ್ಟುಕೊಂಡು ಸುತ್ತಿ ಗಂಟೆಯೂರಿಗೆ ಹೋಗಿ, ಅಲ್ಲಿನ ಮುದುಕಿಯ ಹತ್ತಿರ ಬೆಂಕಿ ಇಸಿದುಕೊಂಡು, ಬಂದ ದಾರಿಯಲ್ಲೇ ವಾಪಸು ಬಂದು ತನ್ನ ಊರಿನ ಆರಿಹೋದ ದೀಪಸ್ತಂಭವನ್ನು ಹೊತ್ತಿಸಬೇಕು. ಕಂಟ್ರೋಲರ್ ಒಂದೇ. ಮನೆಯವರು ಯಾವಾಗಲೂ ಎಡಕ್ಕೇ ಕೂರಬೇಕೆಂದು ಥೆರಪಿಯಮ್ಮನ ಅಪ್ಪಣೆಯಾಗಿತ್ತು. ಹಾಗಾಗಿ ಹಲ್ಲಿ ಅಪ್ಪನ ಎಡಕ್ಕೆ ಕೂತು, ಕಂಟ್ರೋಲರಿನ ಎಡ ಅರ್ಧವನ್ನು ತಾನು ಹಿಡಿದು, ಬಲ ಅರ್ಧವನ್ನು ಅವನ ಬಲಗೈಗೆ ಕೊಟ್ಟಳು. ಎಡದ ಗುಂಡಿ ಒತ್ತಿದರೆ ಕುದುರೆ ಮುಂದೆ ಹೋಗುತ್ತದೆ, ಬಲದ ಗುಂಡಿ ತಿರುಗಿಸಿದರೆ ನೋಟ ತಿರುಗುತ್ತದೆ, ನೋಟ ತಿರುಗಿದತ್ತ ಕುದುರೆ ಹೋಗುತ್ತದೆ. ಕಾಲು ಅವಳದು, ಕಣ್ಣು ಇವನದು.

ಮೊದಲ ದಿನವೇ ಅಪಘಾತ. "ಅಪ್ಪ, ರೈಟ್, ರೈಟ್" ಎಂದು ಹಲ್ಲಿ ಬಲಕ್ಕೆ ತಿರುಗಲು ಹೇಳಿದಳು. ಗೇರಪ್ಪ ನೂಲು ಹಿಡಿದ ಹಾಗೆ ನೇರವಾಗಿ ಹೋದ. ಕುದುರೆ, ಸವಾರಳು, ಕತ್ತಿ, ಎಲ್ಲ ಕೆರೆಗೆ.

"ರೈಟ್ ಅಂದೆನಲ್ಲಪ್ಪಾ."

"ನೀನು ರೈಟ್ ಅಂದೆ, ನಾನು ಹೊರಟೆ. ರೈಟ್ ಅಂದ್ರೆ ಹೊರಡು ಅಂತ ತಾನೆ?"

ಬಸ್ಸಿನ ಭಾಷೆಯಲ್ಲಿ ಹೌದು. ಹೋಲ್ಡಾನ್ ಎಂದರೆ ನಿಲ್ಲಿಸು, ರೈಟ್ ಎಂದರೆ ಹೊರಡು. ಎರಡೂ ಕಂಡಕ್ಟರನ ಮಾತು. ಡ್ರೈವರ್ ಕೇಳಬೇಕೇ ಹೊರತು ಆಡುವಂತಿಲ್ಲ. ಅಂದಿನಿಂದ ಹಲ್ಲಿ ಬಲಕ್ಕೆ ಬಲ ಎಂದೇ ಹೇಳತೊಡಗಿದಳು.

ಜಗಳ ಶುರುವಾದದ್ದು ನಕ್ಷೆಯಿಂದ.

"ಎಲ್ಲೆಲ್ಲೋ ಹೋಗ್ತಿದೀಯಪ್ಪ. ಮ್ಯಾಪ್ ನೋಡು, ಹಳದಿ ಚುಕ್ಕಿ ಇರೋ ಕಡೆ ಹೋಗಬೇಕು."

"ಯಾವ ಮ್ಯಾಪು?"

"ಮಿನಿಮ್ಯಾಪು. ಕೆಳಗೆ, ಮೂಲೇಲಿ."

ಗೇರಪ್ಪ ಕೆಳಗಿನ ಮೂಲೆ ನೋಡಿದ. ಅವನ ಪಾಲಿಗೆ ಟೀವಿಗೆ ಕೆಳಗೆ ಇದ್ದದ್ದು ಒಂದೇ ಮೂಲೆ. ಅಲ್ಲಿ ಕತ್ತಿಯ ಚಿತ್ರವಿತ್ತು.

"ಮಿನಿಬಸ್ಸು ಗೊತ್ತು ನನಗೆ. ಮಿನಿಮ್ಯಾಪು ಗಿನಿಮ್ಯಾಪು ಇಲ್ಲಿಲ್ಲ."

"ಇದೆ ಅಪ್ಪ."

"ಇದ್ದಿದ್ರೆ ಕಾಣ್ತಿರಲಿಲ್ವಾ? ಮುದುಕ ಅಂತ ಆಟ ಆಡಿಸ್ತೀಯಾ?"

ಮೂರು ದಿನ ಇದೇ ರಾಗ. ನಾಲ್ಕನೆಯ ದಿನ ಹಲ್ಲಿ ಎದ್ದು ಟೀವಿಯ ಹತ್ತಿರ ಹೋದಳು. ಹೋದದ್ದು ಗೇರಪ್ಪನಿಗೆ ಕಂಡಿತು, ಆಮೇಲೆ ಅವಳೇ ಕಾಣಲಿಲ್ಲ. ಎಲ್ಲಿಂದಲೋ ಉಗುರಿನ ಸದ್ದು ಮಾತ್ರ ಬಂತು, ಟೊಕ್, ಟೊಕ್, ಟೊಕ್, ಕೆಟ್ಟ ಎಂಜಿನ್ನಿನಲ್ಲಿ ಎಲ್ಲೋ ಒಂದು ಬೋಲ್ಟು ಸಡಿಲವಾದ ಹಾಗೆ. ಅಂಥ ಸದ್ದು ಕೇಳಿ ಸುಮ್ಮನೆ ಕೂರುವ ಡ್ರೈವರ್ ಇಲ್ಲ. ಸದ್ದಿನ ಜಾಡು ಹಿಡಿದು ಗೇರಪ್ಪ ಕತ್ತು ತಿರುಗಿಸುತ್ತ ಹೋದ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ. ಮಗಳ ಬೆರಳು ಬಂತು. ಬೆರಳಿನ ತುದಿಯಲ್ಲಿ, ತಟ್ಟೆಯಷ್ಟಗಲದ ದುಂಡನೆಯ ನಕ್ಷೆ. ಕೆರೆ, ದಾರಿ, ಸಣ್ಣ ಸೇತುವೆ, ಮಿಣಮಿಣ ಎನ್ನುವ ಹಳದಿ ಚುಕ್ಕಿ.

"ಯಾವಾಗ ಹಾಕಿದೆ ಇದನ್ನ?"

"ಮೊದಲ ದಿನದಿಂದ ಇಲ್ಲೇ ಇದೆ ಅಪ್ಪ."

ಡಾಕ್ಟರು ಹೇಳಿದಾಗ ಅವನು ನಂಬಿರಲಿಲ್ಲ. ಅರ್ಧ ತಟ್ಟೆ, ಅರ್ಧ ಗಡ್ಡ, ಮೂರು ಸಲ ದಾಟಿಹೋದ ಮನೆ, ಯಾವುದರಿಂದಲೂ ನಂಬಿಕೆ ಬಂದಿರಲಿಲ್ಲ. ಎಲ್ಲಕ್ಕೂ ಏನಾದರೊಂದು ಸಬೂಬು ಇತ್ತು. ಆದರೆ ಈ ರಾಜ್ಯದಲ್ಲಿ ಅವನು ನಾಲ್ಕು ದಿನ ಕುದುರೆ ಓಡಿಸಿದ್ದ. ಅಷ್ಟು ದಿನವೂ ಅದರ ನಕ್ಷೆ ಬಾಗಿಲ ಸಂದಿಯಲ್ಲಿ ಅವಿತ ಮಗುವಿನಂತೆ ಅಲ್ಲೇ ಮಿಣುಕುತ್ತಿತ್ತು. ಗೇರಪ್ಪ ಕಂಟ್ರೋಲರನ್ನು ತೊಡೆಯ ಮೇಲಿಟ್ಟ. ಮೆಲ್ಲಗೆ ಕೇಳಿದ.

"ಹಲ್ಲೀ, ಆ ಕಡೆ ಇನ್ನೂ ಏನೇನಿದೆ?"

ಹಲ್ಲಿ ಬಂದು ತನ್ನ ಜಾಗದಲ್ಲಿ ಕೂತಳು. ಕೂತೊಡನೆ ಮತ್ತೆ ಕಾಣೆಯಾದಳು. ದನಿ ಮಾತ್ರ ಬಂತು.

"ಕಿಟಕಿ ಇದೆ. ಹಸಿರು ಪರದೆ. ಅಮ್ಮನ ಫೋಟೋ ಇದೆ. ಅದರ ಕೆಳಗೆ ನಿನ್ನ ಯೂನಿಫಾರ್ಮಿನ ಟೋಪಿ ಇದೆ." ಕೊನೆಗೆ ಹೇಳಿದಳು, "ನಾನಿದೀನಿ."

ಗೇರಪ್ಪ ಬಲಗೈ ಚಾಚಿ, ಆ ಕಡೆಯಲ್ಲೆಲ್ಲೋ ತಡಕಿ, ಅವಳ ತಲೆ ಸಿಕ್ಕ ಮೇಲೆ ಒಮ್ಮೆ ತಟ್ಟಿದ.

"ಸೆಟ್ಟಿಂಗಲ್ಲಿ ಮ್ಯಾಪನ್ನ ಬಲಕ್ಕೆ ಹಾಕಬಹುದು ಅಪ್ಪ. ಹಾಕಲಾ?"

"ಬೇಡ. ಆಮೇಲೆ ನಮ್ಮ ಗೇಟನ್ನ ಬಲಕ್ಕೆ ಹಾಕೋರು ಯಾರು? ಕಿತ್ತಾಕು ಅದನ್ನ. ನನ್ನ ಬಸ್ಸಲ್ಲಿ ಯಾವ ಮ್ಯಾಪಿತ್ತು?"

ಅವಳು ನಕ್ಷೆಯನ್ನು ತೆಗೆದುಹಾಕಿದಳು. ಗೇರಪ್ಪ ತನಗೆ ಗೊತ್ತಿದ್ದ ವಿದ್ಯೆ ಹೊರತೆಗೆದ. ದಾರಿಯೆಂದರೆ ಅವನಿಗೆ ಗೆರೆಯಲ್ಲ, ಸ್ಟಾಪುಗಳ ಸಾಲು. ಮಾಯಾರಾಜ್ಯಕ್ಕೂ ಸ್ಟಾಪುಗಳಾದವು: ಮುರುಕು ಗಿರಣಿ, ಬೋಳು ಮರ, ಮೂರು ಕಿವಿ ಬಂಡೆ, ಅರ್ಧ ಸೇತುವೆ, ಗಂಟೆಯೂರು. ಯಾವ ಸ್ಟಾಪು ಕಳೆದ ಮೇಲೆ ಯಾವುದು, ನಡುವೆ ಎಷ್ಟು ತಿರುವು, ಎದುರಿಗೆ ಏನು ಕಾಣಬೇಕು, ಎಲ್ಲ ಬಾಯಿಪಾಠ. ಹಲ್ಲಿಯ ಗೆಳತಿಯರು ಹಳದಿ ಚುಕ್ಕಿಯ ಬಾಲ ಹಿಡಿದು ಓಡುತ್ತ ಗಮನಿಸದೆ ಬಿಟ್ಟದ್ದನ್ನೆಲ್ಲ ಈ ಅಪ್ಪ ಮಗಳು ನೋಡಿದರು. ಬಂಡೆಯ ಮೂರನೇ ಕಿವಿಯಲ್ಲಿ ಹಕ್ಕಿಯ ಗೂಡಿತ್ತು. ಗಿರಣಿಯ ಮುದುಕ ಮಧ್ಯಾಹ್ನ ಮಾತ್ರ ಬಾಗಿಲು ತೆರೆದು ಕುದುರೆಗೆ ಸೇಬು ಕೊಡುತ್ತಿದ್ದ. "ಇವನೂ ಹಾಫ್ ಡೇ ರಜದ ಗಿರಾಕಿ" ಎಂದ ಗೇರಪ್ಪ. ವಾರದೊಳಗೆ ಗಂಟೆಯೂರು ಮುಟ್ಟಿ, ಮುದುಕಿಯಿಂದ ಬೆಂಕಿಯೂ ಸಿಕ್ಕಿತು.

ಸಿಕ್ಕಿದ್ದು ಹೋಗುವ ದಾರಿ. ಬರುವ ದಾರಿ ಸಿಗಲಿಲ್ಲ. ಹೋಗುವಾಗ ದಾರಿ ಬಲಕ್ಕೆ ಬಾಗಿತ್ತು, ಎಲ್ಲ ಸ್ಟಾಪೂ ಬಲದಲ್ಲಿತ್ತು. ತಿರುಗಿ ನಿಂತದ್ದೇ ತಡ, ಅರ್ಧ ಸೇತುವೆ ಪೂರ್ತಿ ಮಾಯ. ಗೇರಪ್ಪ ಬಲಕ್ಕೆ ಬಲಕ್ಕೆ ಸರಿಯುತ್ತ ಹಿಮದ ಬೆಟ್ಟಕ್ಕೆ ಹೋಗಿ ತೋಳಗಳಿಗೆ ಊಟವಾದ. ಬೆಂಕಿ ಆರಿತು. ಮತ್ತೆ ಮುದುಕಿಯ ಬಾಗಿಲು. ಮತ್ತೆ ತೋಳ.

"ಎಡಕ್ಕೆ ನೋಡಪ್ಪ" ಎನ್ನುತ್ತಿದ್ದಳು ಹಲ್ಲಿ.

"ನೋಡಿದೆ ಕಣೇ." ಸುಳ್ಳಲ್ಲ. ತನಗಿದ್ದ ಪ್ರಪಂಚದ ಎಡ ಅಂಚಿನವರೆಗೂ ಅವನು ನೋಡಿದ್ದ. ಅದು ಟೀವಿಯ ಮಧ್ಯಕ್ಕೆ ಮುಗಿಯುತ್ತಿತ್ತು.

ಪರೀಕ್ಷೆಗೆ ಹತ್ತು ದಿನವಿರುವಾಗ ಚಿಲ್ಲರೆ ಬಂದ. ಚಿಲ್ಲರೆ ಎಂದರೆ ಗೇರಪ್ಪನ ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಕಂಡಕ್ಟರಾಗಿದ್ದವನು. ಯಾರೇ ಕೇಳಲಿ, "ಚಿಲ್ಲರೆ ಇಲ್ಲ, ಇಳಿಯುವಾಗ ನೋಡೋಣ" ಎನ್ನುತ್ತಿದ್ದುದರಿಂದ ಆ ಹೆಸರು. ಮಾತೆಲ್ಲ ಮೂಗಿನಿಂದಲೇ. ಡಿಪೋದ ಸಮಾರಂಭಗಳಲ್ಲಿ ಗೇರಪ್ಪ ಇವನ ಮಿಮಿಕ್ರಿ ಮಾಡಿ ನಗಿಸಿ, ಆಮೇಲೆ ಇವನಿಂದಲೇ ಏಟು ತಿನ್ನುತ್ತಿದ್ದ.

"ಏನಯ್ಯಾ, ಬಸ್ಸು ಬಿಟ್ಟು ಕುದುರೆ ಹತ್ತಿದೀಯಂತೆ? ಬಡ್ತಿನೋ ಹಿಂಬಡ್ತಿನೋ?"

"ಕೂತ್ಕೊಳ್ಳಿ ಮಾಮ, ನೀವೂ ನೋಡಿ" ಎಂದಳು ಹಲ್ಲಿ.

"ನಾನು ಹಿಂದೆ ಕೂರ್ತೀನಿ ಮರಿ. ಮುಂದೆ ಕೂತ್ರೆ ನನಗೆ ವಾಂತಿ." ಸೋಫಾದ ಹಿಂದೆ ಊಟದ ಕುರ್ಚಿ ಎಳೆದುಕೊಂಡು ಕೂತ. ಹಿಂದಿನ ಸೀಟು ಅವನಿಗೆ ಅಭ್ಯಾಸ.

ಬೆಂಕಿ ಹಿಡಿದ ಸವಾರಳು ಗಂಟೆಯೂರಿನಿಂದ ಹೊರಟಳು. ಗೇರಪ್ಪ ಎಂದಿನಂತೆ ಬಲಕ್ಕೆ ಸರಿಯತೊಡಗಿದ. ದಾರಿಯ ಎಡಪಕ್ಕದಲ್ಲಿ ಯಾರೋ ಮುದಿ ದಾರಿಹೋಕ, ಆಟದವರೇ ನಿಲ್ಲಿಸಿದ್ದವನು, ಗಂಟು ಹೊತ್ತು ಕೈ ಬೀಸುತ್ತಿದ್ದ. ಹಲ್ಲಿಗೆ ಕಂಡಿತು, ಹೇಳಿ ಪ್ರಯೋಜನವಿಲ್ಲವೆಂದು ಸುಮ್ಮನಿದ್ದಳು. ಚಿಲ್ಲರೆಗೂ ಕಂಡಿತು. ಬಸ್ಸು ಬಿಟ್ಟು ಎರಡು ವರ್ಷವಾಗಿದ್ದರೂ ಅವನ ಮೂಗಿಗೆ ನಿವೃತ್ತಿಯಾಗಿರಲಿಲ್ಲ.

"ಹತ್ತೋರಿದಾರೆ, ಹತ್ತೋರಿದಾರೆ."

ಗೇರಪ್ಪನ ಕತ್ತು ಸರಕ್ಕನೆ ಎಡಕ್ಕೆ ಹೊರಳಿತು. ಕತ್ತಿನ ಹಿಂದೆ ಭುಜ, ಭುಜದ ಹಿಂದೆ ಹೆಬ್ಬೆರಳು. ಮಾಯಾರಾಜ್ಯ ಇಡೀ ಗಿರ್ರನೆ ತಿರುಗಿತು. ಕೈ ಬೀಸುವ ಮುದುಕ, ಅವನ ಹಿಂದೆ ಕೆರೆ, ಕೆರೆಯ ದಂಡೆಯಲ್ಲಿ, ಕಳೆದುಹೋಗಿ ವಾರವಾಗಿದ್ದ ಅರ್ಧ ಸೇತುವೆ.

ಗೇರಪ್ಪ ಸೇತುವೆಯನ್ನೊಮ್ಮೆ, ಮುದುಕನನ್ನೊಮ್ಮೆ ನೋಡಿದ. ಆಮೇಲೆ ಚಿಲ್ಲರೆಗೆ ಹೇಳಿದ, "ಹತ್ತೋರಿದಾರೆ ಅಂದೆ, ಒಬ್ಬನೇ ಇದಾನಲ್ಲೋ. ಇನ್ನೊಂಬತ್ತು ಎಲ್ಲಿ?"

ಹಲ್ಲಿ ಅಪ್ಪನ ಕತ್ತನ್ನೇ ನೋಡುತ್ತಿದ್ದಳು. "ಮಾಮ, ಇನ್ನೊಂದ್ಸಲ ಹೇಳಿ."

ಹೇಳಿದ. ಮತ್ತೆ ಹೊರಳಿತು.

ಬಸ್ಸಿನ ಬಾಗಿಲು ಇರುವುದು ಎಡಕ್ಕೆ. ಸ್ಟಾಪು ಬಿಡುವ ಮುನ್ನ ಕೊನೆಯವರು ಹತ್ತಿದರೋ ಇಲ್ಲವೋ ಎಂದು ಎಡಗನ್ನಡಿ ನೋಡಬೇಕು. ಮೂವತ್ತೊಂದು ವರ್ಷ, ದಿನಕ್ಕೆ ನೂರಾರು ಸಲ, ಈ ಮಾತು ಕೇಳಿದೊಡನೆ ಗೇರಪ್ಪ ಅತ್ತ ನೋಡಿದ್ದ. ‘ಎಡ’ ಎನ್ನುವ ಮಾತು ಮೆದುಳಿಗೆ ಹೋಗಿ, ಅಲ್ಲಿ ರಸ್ತೆ ಬಂದ್ ಎಂದು ತಿಳಿದು ಹಿಂತಿರುಗುತ್ತಿತ್ತು. ‘ಹತ್ತೋರಿದಾರೆ’ ಮೆದುಳಿನ ಗೊಡವೆಗೇ ಹೋಗದೆ ಬೈಪಾಸಿನಲ್ಲಿ ಕತ್ತಿಗೆ ಬರುತ್ತಿತ್ತು.

ಹಲ್ಲಿ ತನ್ನ ದನಿಯಲ್ಲಿ ಹೇಳಿ ನೋಡಿದಳು, ಕತ್ತು ಅರ್ಧ ತಿರುಗಿ ನಿಂತಿತು. ಮೂಗು ಹಿಡಿದುಕೊಂಡು ಹೇಳಿದಳು, ಪೂರ್ತಿ ತಿರುಗಿತು. ಆ ವಾರವೆಲ್ಲ ಮನೆಯಲ್ಲಿ ಮೂಗಿನ ಮಾತೇ. ತಟ್ಟೆಯ ಎಡದಲ್ಲಿ ಪಲ್ಯ ಉಳಿದರೆ ‘ಹತ್ತೋರಿದಾರೆ’, ಎಡಗೆನ್ನೆಯಲ್ಲಿ ಗಡ್ಡ ಉಳಿದರೆ ‘ಹತ್ತೋರಿದಾರೆ’. ಥೆರಪಿಯಮ್ಮ ಬಂದವರು ಬಾಗಿಲಲ್ಲೇ ನಿಂತು, "ಮನೆಯವರಿಗೆಲ್ಲ ನೆಗಡಿನಾ?" ಎಂದು ಕೇಳಿದರು. ವಿಷಯ ತಿಳಿದ ಮೇಲೆ ನಕ್ಕು, ಆಮೇಲೆ ನಗು ನಿಲ್ಲಿಸಿದರು.

"ಒಳ್ಳೇದೇ. ಆದ್ರೆ ಶನಿವಾರ ರಸ್ತೇಲಿ ಯಾರೂ ಮಾತಾಡೋ ಹಾಗಿಲ್ಲ. ನಾನು ಹಿಂದೆ ಇರ್ತೀನಿ, ಅಷ್ಟೇ. ನಿಮ್ಮ ಕಂಡಕ್ಟರು ಆಮೇಲೂ ದಿನಾ ಜೊತೆಗೆ ಇರೋದಿಲ್ವಲ್ಲ?"

ಅವರು ಹೋದ ಮೇಲೆ ಗೇರಪ್ಪ ಬಹಳ ಹೊತ್ತು ಮೂಗು ಸವರಿಕೊಂಡ. ಆಮೇಲೆ ಗಂಟಲು ಸರಿಮಾಡಿಕೊಂಡು, ಡಿಪೋ ಸಮಾರಂಭದ ವೇದಿಕೆ ಹತ್ತಿದವನ ಹಾಗೆ, ಹುಬ್ಬೇರಿಸಿ, ಚಿಲ್ಲರೆಯ ದನಿಯನ್ನು ಸಿಂಬಳ ಸಮೇತ ಹೊರಡಿಸಿದ.

"ಹತ್ತೋರಿದಾರೆ." ಅವನ ಕತ್ತು ಅವನದೇ ಮೂಗಿಗೆ ಮೋಸ ಹೋಗಿ ಎಡಕ್ಕೆ ತಿರುಗಿತು. ಅಲ್ಲಿ ಹಸಿರು ಪರದೆ ಇತ್ತು, ಟೋಪಿ ಇತ್ತು, ಫೋಟೋದಲ್ಲಿ ಹೆಂಡತಿ ಇದ್ದಳು. ನಾಲ್ಕು ತಿಂಗಳಾದ ಮೇಲೆ ಬಂದೆಯಾ ಎನ್ನುವ ಹಾಗಿತ್ತು ಅವಳ ಮುಖ.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಅಪ್ಪ ಮಗಳು ಮತ್ತೆ ಕುದುರೆ ಹತ್ತಿದರು. ಎಡಗೈಗೂ ಕೆಲಸ ಕೊಡಿ ಎಂದು ಥೆರಪಿಯಮ್ಮ ಹೇಳಿದ್ದರಿಂದ, ಈಗ ಕಂಟ್ರೋಲರಿನ ಎಡ ಅರ್ಧದ ಮೇಲೆ ಗೇರಪ್ಪನ ಕೈ, ಅದರ ಮೇಲೆ ಹಲ್ಲಿಯ ಕೈ. ಗಂಟೆಯೂರು ಬಿಟ್ಟರು. ಗೇರಪ್ಪ ಮೂಗಿನಲ್ಲಿ ಕೂಗುತ್ತಿದ್ದ, ನೋಡುತ್ತಿದ್ದ, ತಿರುಗಿಸುತ್ತಿದ್ದ. ಅರ್ಧ ಸೇತುವೆ ಬಂತು, ಅದರ ಮುರಿದ ತುದಿಯಿಂದ ಕುದುರೆ ಹಾರಿತು. ಮೂರು ಕಿವಿ ಬಂಡೆ ಬಂತು. ಬೋಳು ಮರ ಬಂತು. ಬೆಂಕಿಗೆ ಗಾಳಿ ತಾಗದ ಹಾಗೆ ನಡಿಗೆಯ ಗೇರಿನಲ್ಲೇ ಸಾಗಿ, ಮುರುಕು ಗಿರಣಿ ದಾಟಿ, ಊರು ಮುಟ್ಟಿ, ಸ್ತಂಭದ ದೀಪ ಹತ್ತಿದಾಗ ಟೀವಿಯ ತುಂಬ ಹೊಂಬಣ್ಣ.

"ನೋಡಿದೆಯೇನೇ?" ಎಂದ ಗೇರಪ್ಪ.

ಉತ್ತರ ಬಲಗಡೆಯಿಂದ, ಅಡುಗೆಮನೆಯ ಬಾಗಿಲಿನಿಂದ ಬಂತು. ಹಲ್ಲಿ ಎರಡು ಲೋಟ ಹಿಡಿದು ನಿಂತಿದ್ದಳು. ಗೇರಪ್ಪ ತನ್ನ ಎಡಗೈ ನೋಡಿಕೊಂಡ. ಹೆಬ್ಬೆರಳು ಒಂದೇ ಗುಂಡಿಯನ್ನು ಒತ್ತಿ ಹಿಡಿದಿತ್ತು. ಮೇಲೆ ಯಾರ ಕೈಯೂ ಇರಲಿಲ್ಲ.

"ನೀನು ಯಾವಾಗ ಇಳಿದೆ?"

"ಬೋಳು ಮರದ ಸ್ಟಾಪಲ್ಲಿ."

ಶನಿವಾರ ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಗೇರಪ್ಪ ಬಲಗೈಯಲ್ಲಿ ಕೋಲು ಹಿಡಿದು ಗೇಟು ದಾಟಿದ. ಹತ್ತು ಹೆಜ್ಜೆ ಹಿಂದೆ ಥೆರಪಿಯಮ್ಮ, ಕೈಯಲ್ಲಿ ಪುಸ್ತಕ. ಹಲ್ಲಿ ಗೇಟಿನೊಳಗೆ, ಬಾಯಿಗೆ ಬೀಗ.

ಹೋಗುವ ದಾರಿಯಲ್ಲಿ ತೊಂದರೆಯಿಲ್ಲ. ಟೈಲರ್ ಅಂಗಡಿ, ಸೈಕಲ್ ರಿಪೇರಿ, ಶಾಲೆಯ ಗೋಡೆ, ಔಷಧಿ ಅಂಗಡಿ, ಬಸ್ ಸ್ಟಾಪು. ಬೆಂಚು ಮುಟ್ಟಿ ತಿರುಗಿದ. ತಿರುಗಿದೊಡನೆ ಅಷ್ಟೂ ಮಾಯ. ರಸ್ತೆಯ ಆಚೆ ಬದಿ ಮಾತ್ರ ಉಳಿಯಿತು.

"ಹತ್ತೋರಿದಾರೆ" ಎಂದ ಮೆಲ್ಲಗೆ. ಔಷಧಿ ಅಂಗಡಿ ಬಂತು. ಹತ್ತು ಹೆಜ್ಜೆ ನಡೆದು, "ಹತ್ತೋರಿದಾರೆ." ಶಾಲೆಯ ಗೋಡೆ. ಎದುರು ಬಂದ ಹೆಂಗಸೊಬ್ಬಳು ಚೀಲ ಹಿಡಿದು ನಿಂತು, "ಎಲ್ಲಿಗೆ ಹೋಗೋ ಬಸ್ಸು?" ಎಂದು ಅತ್ತಿತ್ತ ನೋಡಿದಳು. ಸೈಕಲ್ ಅಂಗಡಿಯ ಹತ್ತಿರ ಮತ್ತೊಮ್ಮೆ. ಕಳಚಿಟ್ಟ ಚಕ್ರವೊಂದು ದಾರಿಗೆ ಅಡ್ಡ ಬಿದ್ದಿತ್ತು, ನೋಡಿ ಪಕ್ಕಕ್ಕೆ ಸರಿದ. ಹಿಂದೆ ಪುಸ್ತಕದಲ್ಲಿ ಪೆನ್ನು ಓಡಿದ ಸದ್ದು.

ಅಷ್ಟರಲ್ಲಿ ಆಚೆ ಬದಿಯಿಂದ, ಬಲದಿಂದ, ಕ್ಷೌರದಂಗಡಿಯವನ ದನಿ. "ಏನ್ ಗೇರಪ್ಪಾ, ಒಬ್ಬನೇ ಸವಾರಿ? ಎರಡೂ ಕೆನ್ನೆ ನೈಸಾಗಿದೆ ಇವತ್ತು."

"ನಿನ್ನ ಹತ್ರ ಬರಲಿಲ್ಲ ನೋಡು, ಅದಕ್ಕೇ."

ಅವನು ನಕ್ಕ, ಇವನು ನಕ್ಕ, ನಗುತ್ತ ನಡೆದ. ನಗುವಿನ ಭರದಲ್ಲಿ ಕಂಡಕ್ಟರ್ ಇಳಿದುಹೋಗಿದ್ದ. ಟೈಲರ್ ಅಂಗಡಿ ಬರಲೇ ಇಲ್ಲ. ಆಮೇಲೆ ಬರಬೇಕಾದದ್ದೂ ಬರಲಿಲ್ಲ. ಗೇಟಿನ ಸರಳು ಹಿಡಿದಿದ್ದ ಹಲ್ಲಿಯ ಮುಂದೆಯೇ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ಗೇರಪ್ಪ ಕೋಲೂರುತ್ತ ದಾಟಿ ಹೋದ. ಒಂದು ಹೆಜ್ಜೆ, ಎರಡು, ನಾಲ್ಕು, ಏಳು.

ಗೇರಪ್ಪನ ಬಲಗಡೆ ನೀಲಿ ಗೋಡೆ ಬಂತು.

ಅವನು ನಡಿಗೆ ನಿಧಾನ ಮಾಡಿದ. ನೀಲಿ ಗೋಡೆ ಎಂದರೆ ಎದುರುಮನೆಯ ಆಚೆ ಮನೆ. ಬೋಳು ಮರ ಕಾಣದೆ ಗಿರಣಿ ಬಂದರೆ ಹೇಗೆ? ಯಾವುದೋ ಒಂದು ಸ್ಟಾಪು ನುಂಗಿ ಹೋಗಿದೆ.

"ಹೋಲ್ಡಾನ್" ಎಂದ ಮೂಗಿನಲ್ಲಿ. ನಿಂತ. ಉಸಿರು ಎಳೆದುಕೊಂಡ. "ಹತ್ತೋರಿದಾರೆ."

ಕತ್ತು ತಿರುಗಿತು. ಕಾಂಪೌಂಡು. ಸಾಲದು. ಇನ್ನೂ ತಿರುಗಿಸಿದ, ಗಲ್ಲ ಭುಜಕ್ಕೆ ತಾಗುವ ತನಕ. ಎಡಗನ್ನಡಿಯ ಅಂಚಿನಲ್ಲಿ ಕಾಣುವ ಕೊನೆಯ ಪ್ರಯಾಣಿಕಳ ಹಾಗೆ, ಅಷ್ಟು ಹಿಂದೆ, ಹಸಿರು ಗೇಟು. ಗೇಟಿನ ಸರಳುಗಳಿಗೆ ಹಲ್ಲಿಯಂತೆ ಅಂಟಿಕೊಂಡು ನಿಂತ ಹುಡುಗಿ. ಒಂದು ಕೈ ತನ್ನ ಬಾಯಿಯನ್ನು ತಾನೇ ಮುಚ್ಚಿ ಹಿಡಿದಿತ್ತು.

"ಸ್ಟಾಪ್ ಬಿಟ್ಟು ಮುಂದೆ ನಿಲ್ಲಿಸಿದೀನಿ ಕಣೇ" ಎಂದು ಗೇರಪ್ಪ ಕೂಗಿದ. "ಓಡಿ ಬರ್ತೀಯೋ, ನಾನೇ ಬರ್ಲೋ?"

ಅವನೇ ಬಂದ. ರಿವರ್ಸ್ ಇಲ್ಲದ ಗಾಡಿ, ಪೂರ್ತಿ ತಿರುಗಿಕೊಂಡೇ ಬರಬೇಕಾಯಿತು.

ಥೆರಪಿಯಮ್ಮ ಪುಸ್ತಕ ಮುಚ್ಚಲಿಲ್ಲ. "ಗೇಟು ದಾಟಿ ಹೋದ್ರಿ."

"ಹೋದೆ."

"ತಪ್ಪಿದೆ ಅಂತ ಯಾರು ಹೇಳಿದ್ರು?"

"ನೀಲಿ ಗೋಡೆ."

ಅವರು ಏನನ್ನೋ ಬರೆದರು. ಹಲ್ಲಿ ಅಪ್ಪನ ಎಡ ತೋಳನ್ನು ಹಿಡಿದುಕೊಂಡಿದ್ದಳು. ಹಿಡಿದದ್ದು ಗೇರಪ್ಪನಿಗೆ ಗೊತ್ತಾಗುತ್ತಿತ್ತು.

"ದಾರಿ ತಪ್ಪದೆ ಬರೋರು ಸಿಗ್ತಾರೆ" ಎಂದರು ಥೆರಪಿಯಮ್ಮ. "ತಪ್ಪಿದ್ದನ್ನ ತಾವೇ ಹಿಡಿಯೋರು ಕಡಿಮೆ. ನನಗೆ ಬೇಕಾಗಿದ್ದು ಅದು. ಹಗಲು ಒಬ್ಬರೇ ಇರಬಹುದು. ಹೊರಗೆ ಈ ಒಂದು ರೂಟು ಮಾತ್ರ, ಬೇರೆ ಎಲ್ಲೂ ಇಲ್ಲ."

"ಮೂವತ್ತೊಂದು ವರ್ಷ ನನಗೆ ಒಂದೇ ರೂಟು ಕೊಟ್ಟಿದ್ರು ತಾಯಿ" ಎಂದ ಗೇರಪ್ಪ. "ನನಗೆ ಅಷ್ಟೇ ಸಾಕು."

ಸೋಮವಾರ ಹಲ್ಲಿ ಕೆಲಸಕ್ಕೆ ಹೊರಟಳು. ಗೇರಪ್ಪ ಸ್ಟಾಪಿನ ತನಕ ಬಂದ. ದಾರಿಯುದ್ದಕ್ಕೂ ಅವಳು ಎಡಕ್ಕಿದ್ದಳು, ಹತ್ತು ಹೆಜ್ಜೆಗೊಮ್ಮೆ ಅವನು ಮೂಗಿನಲ್ಲಿ ಗೊಣಗಿ ಅವಳಿದ್ದಾಳೋ ಎಂದು ನೋಡಿಕೊಂಡ.

"ಊಟ ಮೇಜಿನ ಮೇಲಿದೆ. ತಟ್ಟೆ ತಿರುಗಿಸಿ ತಿರುಗಿಸಿ ತಿನ್ನು. ಫೋನು ಜೇಬಲ್ಲೇ ಇರ್ಲಿ. ಮಾಮ ಮೂರು ಗಂಟೆಗೆ ಬರ್ತಾರೆ."

"ಹೋಗಿ ಹಲ್ಲು ಕಡೀ ಹೋಗು" ಎಂದ ಗೇರಪ್ಪ.

ಬಸ್ಸು ಬಂತು. ಹಲ್ಲಿ ಹತ್ತಿ, ಕಿಟಕಿಯ ಪಕ್ಕ ಕೂತಳು. ಚಿಕ್ಕ ವಯಸ್ಸಿನ ಡ್ರೈವರ್ ಎಡಗನ್ನಡಿ ನೋಡಿದ. ಕನ್ನಡಿಯಲ್ಲಿ, ಬಾಗಿಲಿಗೆ ತೀರ ಹತ್ತಿರ, ಕೋಲು ಹಿಡಿದ ಒಬ್ಬ ನಿಂತಿದ್ದಾನೆ. ಹತ್ತುತ್ತಾನೋ ಏನೋ ಎಂದು ಡ್ರೈವರ್ ಕಾದ. ಕಂಡಕ್ಟರ್ ಹಿಂದುಗಡೆ ಯಾರದೋ ಜೊತೆ ವಾದಿಸುತ್ತಿದ್ದ. ಬಸ್ಸು ಹೊರಡಲಿಲ್ಲ. ಹಲ್ಲಿ ಕಿಟಕಿಯಿಂದ ಅಪ್ಪನನ್ನು ನೋಡಿದಳು, ಏಳುವವಳ ಹಾಗೆ ಚೀಲಕ್ಕೆ ಕೈ ಹಾಕಿದಳು.

ಗೇರಪ್ಪ ಒಂದು ಹೆಜ್ಜೆ ಹಿಂದೆ ಸರಿದ. ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ನಿಧಾನದ ಎಡಗೈಯನ್ನು ಎತ್ತಿ, ಬಸ್ಸಿನ ತಗಡಿಗೆ ಎರಡು ಸಲ ತಟ್ಟಿದ. ಮೂವತ್ತೊಂದು ವರ್ಷ ಕೇಳಿದ್ದೇ ಹೊರತು ಒಮ್ಮೆಯೂ ಆಡದ ಮಾತನ್ನು, ಚಿಲ್ಲರೆಯ ಮೂಗಿನಿಂದಲ್ಲ, ತನ್ನದೇ ಗಂಟಲಿನಿಂದ ಹೇಳಿದ.

"ರೈಟ್."